ಏಳು ಮೆಟ್ಟಿಲು ನುಂಗುವ ಬಿಡ್: ಬ್ರಿಜ್ ಆಟದ ಹಳೆಯ ತಕರಾರು

ಜೂನ್ 1ರಿಂದ ಜುಲೈ 31ರವರೆಗೆ ಕಾರವಾರದ ಬೈತಖೋಲ ಬಂದರಿನ ಟ್ರಾಲರ್‌ಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮ ಜಗಲಿಯ ಇಸ್ಪೀಟಿಗೆ ಅದೇ ಸುಗ್ಗಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ಭಾವ ನನ್ನ ಜೋಡಿ. ಮೊದಲೆಲ್ಲ ಇಪ್ಪತ್ತೆಂಟು ಆಡುತ್ತಿದ್ದೆವು, ಬ್ರಿಜ್ ಹಿಡಿದದ್ದು ಈಚೆಗೆ. ಬ್ರಿಜ್‌ನಲ್ಲಿ ಮೊದಲು ಹರಾಜಿನಂತೆ ಕೂಗಬೇಕು, ಆ ಕೂಗೇ ಬಿಡ್. ‘ಎರಡು ಆಟೀನ್’ ಅಂದರೆ ಆಟೀನ್ ತುರುಪಾಗಿ ಆರರ ಮೇಲೆ ಎರಡು, ಅಂದರೆ ಎಂಟು ಟ್ರಿಕ್ (ಸುತ್ತು) ಗೆಲ್ಲುತ್ತೇವೆ ಎಂಬ ಮಾತು.

ಕಳೆದ ಮಳೆಗಾಲದ ಒಂದು ಆಟ ಇನ್ನೂ ಚುಚ್ಚುತ್ತದೆ. ಬಲಗಡೆ ಕೂತವರು ಬಾಯಿ ತೆರೆದಿದ್ದೇ ‘ಎರಡು ಆಟೀನ್’ ಅಂದರು. ನನ್ನ ಕೈಯಲ್ಲಿ ಇಸ್ಪೀಟಿನ ಎಕ್ಕ, ರಾಣಿ, 7, 4. ಆಟೀನ್ ಒಂದೇ ಒಂದು, 3. ಡೈಮಂಡಿನ ರಾಜ, 8, 6, 2. ಕ್ಲಾವರಿನ ಎಕ್ಕ, ಗುಲಾಮ, 9, 5. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1ರಂತೆ ಒಟ್ಟು 14 ಪಾಯಿಂಟು. ಡಬಲ್ ಅಂದೆ. ಉಳಿದ ಮೂರರಲ್ಲಿ ನಿನ್ನ ಜಾತಿ ಹೇಳು ಎಂದು ಜೋಡಿಯನ್ನು ಕೇಳುವ ಮಾತದು. ಭಾವ ‘ಮೂರು ಕ್ಲಾವರ್’ ಅಂದ. ಪಾಪ, ಬೇರೆ ದಾರಿಯಿಲ್ಲದೆ ಹೇಳಿದ್ದಾನೆ ಅಂದುಕೊಂಡು ಪಾಸ್ ಮಾಡಿದೆ. ಆಡಿದರೆ ಹನ್ನೊಂದು ಟ್ರಿಕ್ ಬಂತು! ಡೂಪ್ಲಿಕೇಟ್ ಎಂಬ ಲೆಕ್ಕದ ಪದ್ಧತಿಯಲ್ಲಿ ಸಿಕ್ಕಿದ್ದು 150. ಐದು ಕ್ಲಾವರ್ ಕೂಗಿದ್ದರೆ ‘ಗೇಮ್’ ಎಂಬ ದೊಡ್ಡ ಗುರಿಯ ಬೋನಸ್ ಸೇರಿ 400 ಆಗುತ್ತಿತ್ತು.

‘ಭಾವಾ, ನಿಂಗೆ ಇಷ್ಟೆಲ್ಲ ಇತ್ತಾ?’

‘ಹತ್ತು ಪಾಯಿಂಟ್ ಇತ್ತು. ಮೂರೇ ಇದ್ದಿದ್ರೂ ಅದನ್ನೇ ಹೇಳಬೇಕಿತ್ತಲ್ಲ’ ಅಂದ.

ತೊಂದರೆ ಅಲ್ಲೇ ಇದೆ. ಇದು ಹಳೆಯದು ಕೂಡ. 1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಪನಾಮಾ ಕಾಲುವೆಯ ಮೂಲಕ ಹೋಗುವ ಹಡಗಿನಲ್ಲಿ ಇಸ್ಪೀಟು ಆಡುತ್ತಾ ಕಾಂಟ್ರಾಕ್ಟ್ ಬ್ರಿಜ್‌ನ ಲೆಕ್ಕವನ್ನು ಪಳಗಿಸಿದ. ಅದಕ್ಕೆ ಮುಂಚಿನ ಆಕ್ಷನ್ ಬ್ರಿಜ್‌ನಲ್ಲಿ ಕಡಿಮೆ ಕೂಗಿ ಜಾಸ್ತಿ ಗೆದ್ದರೂ ಎಲ್ಲವೂ ಗೇಮಿಗೆ ಜಮೆಯಾಗುತ್ತಿತ್ತು. ಹೊಸ ಲೆಕ್ಕದಲ್ಲಿ ಗೇಮಿಗೆ ಕೂಗಿದಷ್ಟೇ ಜಮೆ. ಹಾಗಾಗಿ ಜೋಡಿಗಳು ಬಿಡ್‌ಗಳಲ್ಲೇ ಒಬ್ಬರಿಗೊಬ್ಬರು ಕೈ ತಿಳಿಸಬೇಕಾಯಿತು. ಆ ಮಾತಿಗೆ ಅಡ್ಡಗಾಲು ಹಾಕಿದವರಿಗೆ ಲಾಭವೂ ಶುರುವಾಯಿತು.

1930ರ ದಶಕದಲ್ಲಿ ಅಮೆರಿಕದ ಬ್ರಿಜ್ ಗುರು ಈಲೈ ಕಲ್ಬರ್ಟ್‌ಸನ್ ಪದ್ಧತಿಯಲ್ಲಿ ‘ಎರಡು’ ಅಂದರೆ ಭಾರೀ ಕೈ, ಜೋಡಿ ಸುಮ್ಮನಿರುವಂತಿಲ್ಲ. ಅಂಥ ಕೈ ಬರುವುದು ಅಪರೂಪ. ಸುಮ್ನೆ ಒಂದು ಒಳ್ಳೆಯ ಬಿಡ್ ಕೊಳೆಯುತ್ತಿತ್ತು ಅಲ್ವಾ? ಅದನ್ನು ಬಡ ಕೈಗೆ ಬಳಸುವ ‘ದುರ್ಬಲ ಎರಡು’ ಎಂಬ ರೂಢಿಗೆ ಹೆಸರು ತಂದವನು ಅಮೆರಿಕದ ಆಟಗಾರ ಹೊವರ್ಡ್ ಶೆಂಕೆನ್. ಒಂದೇ ಜಾತಿಯ ಆರು ಎಲೆ, 6ರಿಂದ 10 ಪಾಯಿಂಟು, ಅಷ್ಟೇ ಸಾಕು. ಎರಡು ಆಟೀನ್ ಅಂದ ಕೂಡಲೇ ಕೆಳಗಿನ ಏಳು ಬಿಡ್ ಮಾಯ: ಒಂದರ ಮೆಟ್ಟಿಲಿನ ಐದೂ (ಕ್ಲಾವರ್, ಡೈಮಂಡ್, ಆಟೀನ್, ಇಸ್ಪೀಟ್, ಅವುಗಳ ಮೇಲೆ ತುರುಪಿಲ್ಲದ ನೋ ಟ್ರಂಪ್), ಎರಡು ಕ್ಲಾವರ್, ಎರಡು ಡೈಮಂಡ್. ಮೀನಿನ ಹರಾಜಿನಲ್ಲಿ ಒಬ್ಬ ಮೊದಲ ಕೂಗಿಗೇ ದರ ಏರಿಸಿ ಉಳಿದವರ ಬಾಯಿ ಕಟ್ಟಿಸುತ್ತಾನಲ್ಲ, ಥೇಟ್ ಹಾಗೆ.

ಎದುರಾಳಿಗಳ ಹಳೆಯ ಆಯುಧ ಡಬಲ್. ಹುಟ್ಟಿನಲ್ಲಿ ಅದು ದಂಡ ಹಾಕುವ ಮಾತು: ‘ನೀನು ಸೋಲುತ್ತೀಯ’. 1912ರ ಸುಮಾರಿಗೆ ಬ್ರಯಂಟ್ ಮೆಕ್‌ಕ್ಯಾಂಪ್‌ಬೆಲ್ ಮತ್ತು ಮೇಜರ್ ಚಾರ್ಲ್ಸ್ ಪ್ಯಾಟನ್ ಎಂಬ ಅಮೆರಿಕದ ಆಟಗಾರರು ಬೇರೆ ಬೇರೆಯಾಗಿಯೇ ಅದಕ್ಕೆ ಇನ್ನೊಂದು ಅರ್ಥ ಕೊಟ್ಟರು: ‘ಜೋಡಿ, ಉಳಿದ ಮೂರು ಜಾತಿಯಲ್ಲಿ ನಿನಗೆ ಚೆನ್ನಾಗಿರುವುದನ್ನು ಹೇಳು’. ಒಂದರ ಮೆಟ್ಟಿಲಿನಲ್ಲಿ ಇದು ಬೇಗ ಒಪ್ಪಿಗೆಯಾಯಿತು. ಮೇಲಿನ ಮೆಟ್ಟಿಲಿನಲ್ಲಿ ಮಾತ್ರ ದಂಡದ ಆಸೆ ಬಿಡಲಿಲ್ಲ. ಹ್ಯಾರಿ ಫಿಶ್‌ಬೈನ್ ಎಂಬ ಆಟಗಾರನ ಪರಿಹಾರದಲ್ಲಿ ಡಬಲ್ ದಂಡಕ್ಕೇ ಉಳಿಯಿತು. ಜೋಡಿಯನ್ನು ಕೇಳಬೇಕಾದರೆ ಎದುರಾಳಿ ಹೇಳಿದ್ದಕ್ಕಿಂತ ಒಂದು ಜಾತಿ ಮೇಲೆ ಕೂಗಬೇಕು. ಆದರೆ ಎರಡು ಆಟೀನ್ ಮೇಲೆ ಎರಡು ಇಸ್ಪೀಟ್ ಅಂದರೆ ಪ್ರಶ್ನೆ ಅಂತಾದರೆ, ನಿಜಕ್ಕೂ ಆರು ಇಸ್ಪೀಟ್ ಹಿಡಿದವನು ಏನು ಮಾಡಬೇಕು? ನನಗೆ ಇದು ದುಬಾರಿ ವ್ಯಾಪಾರ ಅನ್ನಿಸುತ್ತದೆ. ದಂಡ ಹಾಕುವ ಕೈ ವರ್ಷಕ್ಕೊಮ್ಮೆ ಬರುತ್ತದೆ, ಕೇಳುವ ಕೈ ವಾರ ವಾರ. ಕೊನೆಗೆ ಹೆಚ್ಚಿನವರು ಕೇಳುವ ಡಬಲ್‌ಗೇ ಬಂದರು. ಆಟೀನ್ ತುಂಬಿರುವವನು ಪಾಸ್ ಹೇಳಿ, ಜೋಡಿಯ ಡಬಲ್‌ಗೆ ಕಾಯುತ್ತಾನೆ.

ಭಾವನ ಸಮಸ್ಯೆಗೆ ಉತ್ತರ ಹೊಳೆದದ್ದು ಇನ್ನೂ ತಡವಾಗಿ. 1970ರಲ್ಲಿ ‘ಬ್ರಿಜ್ ವರ್ಲ್ಡ್’ ಪತ್ರಿಕೆಯಲ್ಲಿ ಜಾರ್ಜ್ ಬೋಮ್ ‘ಲೆಬೆನ್ಸೋಲ್’ ಎಂಬ ಉಪಾಯದ ಬಗ್ಗೆ ಬರೆದ. ಕೆನ್ ಲೆಬೆನ್ಸೋಲ್ಡ್ ಕಂಡುಹಿಡಿದದ್ದು ಎಂದುಕೊಂಡು ಆ ಹೆಸರಿಟ್ಟಿದ್ದ, ಅದೂ ಕಾಗುಣಿತ ತಪ್ಪಿ. ಲೆಬೆನ್ಸೋಲ್ಡ್ ‘ಇದು ನನ್ನದಲ್ಲ’ ಅಂದ. ಹೆಸರು ಮಾತ್ರ ಅಂಟಿಕೊಂಡಿತು! ಮೊದಲು ಇದ್ದದ್ದು ಒಂದು ನೋ ಟ್ರಂಪ್ ಮೇಲೆ ಎದುರಾಳಿ ಬಾಯಿ ಹಾಕಿದಾಗ ಬಳಸಲು. ಆಮೇಲೆ ದುರ್ಬಲ ಎರಡರ ಎದುರಿಗೂ ಬಂತು. ಡಬಲ್ ಆದ ಮೇಲೆ ಕೈ ಬಡವಾಗಿದ್ದರೆ ‘ಎರಡು ನೋ ಟ್ರಂಪ್’ ಅನ್ನಬೇಕು. ಡಬಲ್ ಮಾಡಿದವನು ಸಾಮಾನ್ಯವಾಗಿ ಮೂರು ಕ್ಲಾವರ್ ಹೇಳುತ್ತಾನೆ. ಅಲ್ಲಿ ಪಾಸ್ ಮಾಡಬಹುದು, ಇಲ್ಲವೇ ಮೂರು ಡೈಮಂಡ್‌ಗೆ ಸರಿಯಬಹುದು. ನೇರವಾಗಿ ಮೂರು ಕ್ಲಾವರ್ ಅಂದರೆ 8ರಿಂದ 11 ಪಾಯಿಂಟು ಇದೆ ಎಂದರ್ಥ. ನಿಜಕ್ಕೂ ನೋ ಟ್ರಂಪ್ ಆಡಲು ‘ಎರಡು ನೋ ಟ್ರಂಪ್’ ಕೂಗುವ ಅವಕಾಶ ಕೈತಪ್ಪಿತು, ನಿಜ. ಆದರೆ ಅದನ್ನು ಯಾರು ನೆನೆಸಿಕೊಳ್ಳುತ್ತಾರೆ? ಇದು ಗೊತ್ತಿದ್ದರೆ ನಾನು ಐದಕ್ಕೆ ಹೋಗುತ್ತಿದ್ದೆನಾ? ಆಣೆ ಮಾಡಲಾರೆ. ಪಾಸ್ ಅಂತೂ ಮಾಡುತ್ತಿರಲಿಲ್ಲ.

ಉಳಿದ ಆಯ್ಕೆಗಳಿಗೆ ಇಷ್ಟು ಜಗಳವಿಲ್ಲ. ಆಟೀನ್ ತಡೆಯುವ ಎಲೆ ಇದ್ದು 15ರಿಂದ 18 ಪಾಯಿಂಟಿನ ಸಮತೂಕದ (ನಾಲ್ಕೂ ಜಾತಿ ಹೆಚ್ಚುಕಮ್ಮಿ ಸಮನಾಗಿರುವ) ಕೈ ಬಂದರೆ ಡಬಲ್ ಬದಲು ನೇರ ಎರಡು ನೋ ಟ್ರಂಪ್. ಐದು ಇಸ್ಪೀಟು, ಐದು ಕ್ಲಾವರ್ ಇರುವ ಜೋರು ಕೈಗೆ ‘ನಾಲ್ಕು ಕ್ಲಾವರ್’ ಎಂಬ ಜಿಗಿತವಿದೆ, ಲೀಪಿಂಗ್ ಮೈಕೆಲ್ಸ್ ಅನ್ನುತ್ತಾರೆ.

ಈ ಜೂನ್‌ನಲ್ಲಿ ಭಾವ, ನಾನು ಲೆಬೆನ್ಸೋಲ್ ಆಡುವುದೆಂದು ನಿಶ್ಚಯಿಸಿದೆವು. ಮೊದಲ ವಾರವೇ ಎರಡು ಆಟೀನ್ ಬಂತು. ಡಬಲ್ ಅಂದೆ. ಭಾವ ‘ಎರಡು ನೋ ಟ್ರಂಪ್’ ಅಂದ. ಒಳ್ಳೆಯ ಕೈ ಇರಬೇಕು ಅಂದುಕೊಂಡು ನಾನು ಪಾಸ್ ಮಾಡಿದೆ. ಅವನ ಹತ್ತಿರ ಮೂರು ಪಾಯಿಂಟು, ಐದು ಕ್ಲಾವರ್ ಇತ್ತು.