ಫೇಸ್‌ಲಿಫ್ಟ್ ಮತ್ತು ಫಿಲ್ಲರ್: ಎತ್ತುವುದು ಮೊದಲೋ, ತುಂಬುವುದು ಮೊದಲೋ?

ಫಿಲ್ಲರ್ ಎಂದರೆ ಮುಖದ ಗುಳಿಬಿದ್ದ ಜಾಗಗಳಿಗೆ ಸೂಜಿಯಿಂದ ತುಂಬುವ ಜೆಲ್. ಫೇಸ್‌ಲಿಫ್ಟ್ ಎಂದರೆ ಕಿವಿಯ ಸುತ್ತ ಕೊಯ್ದು, ಜೋತುಬಿದ್ದ ಕೆನ್ನೆ ಮತ್ತು ದವಡೆಯನ್ನು ಒಳಗಿನಿಂದ ಮೇಲೆತ್ತಿ ಹೊಲಿಯುವ ಆಪರೇಷನ್. ಮೊದಲನೆಯದನ್ನು ಊಟದ ಬಿಡುವಿನಲ್ಲೇ ಮುಗಿಸಿಕೊಂಡು ಆಫೀಸಿಗೆ ಮರಳುವವರಿದ್ದಾರೆ. ಎರಡನೆಯದಕ್ಕೆ ಆಪರೇಷನ್ ಥಿಯೇಟರ್ ಬೇಕು, ಹಲವು ಗಂಟೆ ಬೇಕು, ಆಮೇಲೆ ವಾರಗಟ್ಟಲೆ ಊತ ತಡೆದುಕೊಳ್ಳಬೇಕು. ಇವೆರಡನ್ನೂ ಒಂದೇ ಮುಖದ ಮೇಲೆ ಮಾಡುವುದನ್ನು ಕ್ಲಿನಿಕ್‌ಗಳ ಭಾಷೆಯಲ್ಲಿ ‘ಕಾಂಬಿನೇಷನ್’ ಎನ್ನುತ್ತಾರೆ. ಒಂದೇ ಮುಖಕ್ಕೆ ಎರಡೂ ಸಲ್ಲುತ್ತವೆ, ಅದರಲ್ಲಿ ತಕರಾರಿಲ್ಲ. ಆದರೆ ಯಾವುದರ ನಂತರ ಯಾವುದು, ನಡುವೆ ಎಷ್ಟು ದಿನ ಎಂಬುದನ್ನು ಚರ್ಮಕ್ಕೆ ರಕ್ತ ಹೇಗೆ ಸಿಗುತ್ತದೆ ಎಂಬುದೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಪ್ಯಾಕೇಜಿನ ದರಪಟ್ಟಿ ನೋಡಿ ತೀರ್ಮಾನಿಸುವ ವಿಷಯ ಅದಲ್ಲ.

ಎರಡೂ ಯಾಕೆ ಬೇಕಾಗಬಹುದು? ವಯಸ್ಸಾದಂತೆ ಮುಖದ ಚರ್ಮವೂ ಅದರಡಿಯ ಪದರವೂ ಸಡಿಲವಾಗಿ ಕೆಳಗೆ ಜಾರುತ್ತವೆ. ಜೊತೆಜೊತೆಗೇ ಕಣ್ಣಿನ ಕೆಳಗೆ, ಕಣತಲೆಯಲ್ಲಿ, ಕೆನ್ನೆಯ ಮೇಲ್ಭಾಗದಲ್ಲಿ ಕೊಬ್ಬು ಕರಗುತ್ತದೆ, ಮೂಳೆಯೂ ತುಸು ಸವೆಯುತ್ತದೆ. ಹಳೆಯ ದಿಂಬಿನಲ್ಲಿ ಬಟ್ಟೆಯೂ ಸಡಿಲ, ಹತ್ತಿಯೂ ಕಮ್ಮಿ. ಬಟ್ಟೆಯನ್ನಷ್ಟೇ ಬಿಗಿದರೆ ಅದು ಚಪ್ಪಟೆಯಾಗುತ್ತದೆ, ಹತ್ತಿಯನ್ನಷ್ಟೇ ತುರುಕಿದರೆ ಉಬ್ಬಿ ವಿಕಾರವಾಗುತ್ತದೆ. ಸಿನಿಮಾ ಮತ್ತು ಟಿವಿಯಲ್ಲಿ ಕಾಣುವ ಎಷ್ಟೋ ಊದಿದ ಮುಖಗಳ ಹಿಂದೆ ಈ ಎರಡನೇ ತಪ್ಪಿದೆ: ಎತ್ತಬೇಕಾದ್ದನ್ನು ತುಂಬಿ ಸರಿಪಡಿಸಲು ಹೋಗಿರುತ್ತಾರೆ. ‘ಲಿಕ್ವಿಡ್ ಫೇಸ್‌ಲಿಫ್ಟ್’ ಎಂಬ ಜಾಹೀರಾತಿನ ಮಾತನ್ನು ನಾನು ನಂಬುವುದಿಲ್ಲ. ಒಂದು ಸಿರಿಂಜಿನಲ್ಲಿ ಸಾಮಾನ್ಯವಾಗಿ ಇರುವುದು 1 ಮಿಲಿಲೀಟರ್ ಜೆಲ್, ಅಂದರೆ ಟೀ ಚಮಚದ ಐದನೇ ಒಂದು ಭಾಗ. ಅಷ್ಟರಿಂದ ಗುಳಿ ತುಂಬಬಹುದು, ಜೋತ ಕತ್ತನ್ನು ಎತ್ತಲಾಗದು.

ಫಿಲ್ಲರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಸಿಡ್. ಅದು ನಮ್ಮ ಚರ್ಮದಲ್ಲೂ ಕೀಲುಗಳಲ್ಲೂ ಇರುವ, ನೀರು ಹಿಡಿದಿಡುವ ಸಕ್ಕರೆ ಜಾತಿಯ ವಸ್ತು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಖದ ಸುಕ್ಕಿಗೆ ಈ ಬಗೆಯ ಜೆಲ್ ಒಂದನ್ನು, ರೆಸ್ಟಿಲೇನ್ ಎಂಬುದನ್ನು, ಒಪ್ಪಿದ್ದು 2003ರಲ್ಲಿ. ಇಂದು ಇದನ್ನು ಬ್ಯಾಕ್ಟೀರಿಯಾ ಹುದುಗಿಸಿ ತಯಾರಿಸುತ್ತಾರೆ, ಹಾಗಾಗಿ ಸಸ್ಯಾಹಾರಿಗಳಿಗೆ ಅಡ್ಡಿಯಿಲ್ಲ. ತಮಾಷೆಯೆಂದರೆ ಇದನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವವನ್ನು ಸಾಮಾನ್ಯವಾಗಿ ಕುರಿ ಅಥವಾ ದನದ ವೃಷಣದಿಂದ ತೆಗೆಯುತ್ತಾರೆ! ಕಣ್ಣಿನ ಪೊರೆ ಆಪರೇಷನ್‌ಗೆ ಮೊದಲು ಕೊಡುವ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಇದನ್ನು ಬೆರೆಸುವುದು ನಮ್ಮ ದೇಶದಲ್ಲಿ ವಾಡಿಕೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಮತ್ತು ಪಾಲಿ ಲ್ಯಾಕ್ಟಿಕ್ ಆಸಿಡ್‌ಗಳದು ಬೇರೆ ಜಾತಿ. ಅವು ಸುತ್ತಲಿನ ಕೊಲಾಜನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ನಾರಿನಂಥ ಪ್ರೋಟೀನ್, ಬೆಳೆಸುತ್ತವೆ, ಅವನ್ನು ಕರಗಿಸುವ ಕಿಣ್ವ ಇಲ್ಲ. ಈ ವ್ಯತ್ಯಾಸ ಆಪರೇಷನ್ ಹೊತ್ತಿಗೆ ದೊಡ್ಡದಾಗುತ್ತದೆ.

ಇನ್ನು ಫೇಸ್‌ಲಿಫ್ಟ್. ಹಿಂದೆ ಚರ್ಮವನ್ನಷ್ಟೇ ಎಳೆದು ಹೊಲಿಯುತ್ತಿದ್ದರು. ಚರ್ಮ ಹಿಗ್ಗುವ ವಸ್ತುವಾದ್ದರಿಂದ ಫಲ ಬೇಗ ಹೋಗುತ್ತಿತ್ತು, ಮುಖವೂ ಗಾಳಿಗೆ ಸೆಳೆದಂತೆ ಕಾಣುತ್ತಿತ್ತು. 1976ರಲ್ಲಿ ಫ್ರಾನ್ಸಿನ ಮಿಟ್ಸ್ ಮತ್ತು ಪೈರೋನಿ ಚರ್ಮದಡಿಯ ಕೊಬ್ಬಿನ ಕೆಳಗಿರುವ ನಾರಿನ ಪದರವೊಂದನ್ನು ವಿವರಿಸಿದರು. ಅದರ ಹೆಸರು ಎಸ್‌ಎಂಎಎಸ್, ಸರ್ಜನ್‌ಗಳ ಬಾಯಲ್ಲಿ ‘ಸ್ಮಾಸ್’. ಈಗ ಎಳೆತದ ಭಾರವೆಲ್ಲ ಆ ಪದರದ ಮೇಲೆ, ಚರ್ಮವನ್ನು ಅದರ ಮೇಲೆ ಸಡಿಲವಾಗಿ ಹೊದಿಸುತ್ತಾರೆ. ಆದರೆ ಅಲ್ಲಿಗೆ ತಲುಪಲು ಕೆನ್ನೆಯ ಚರ್ಮವನ್ನು ತಳದಿಂದ ಬಿಡಿಸಲೇಬೇಕು. ಬಿಡಿಸುವಾಗ ಕೆಳಗಿನಿಂದ ಅದಕ್ಕೆ ರಕ್ತ ತರುವ ಸಣ್ಣ ನಾಳಗಳು ಕತ್ತರಿಸಿಹೋಗುತ್ತವೆ. ಹೀಗೆ ಬಿಡಿಸಿದ, ಒಂದು ಬದಿ ಇನ್ನೂ ಅಂಟಿಕೊಂಡಿರುವ ಚರ್ಮಕ್ಕೆ ‘ಫ್ಲ್ಯಾಪ್’ ಎನ್ನುತ್ತಾರೆ. ಮುಖದ ನಡುಭಾಗದ ಕಡೆಯಿಂದ ಬರುವ ರಕ್ತವೇ ಅದಕ್ಕೆ ಆಧಾರ.

ಫ್ಲ್ಯಾಪ್ ವಿಷಯದಲ್ಲಿ ನಮ್ಮ ಕಡೆಯದೇ ಒಂದು ಕಥೆಯಿದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ತೊಟ್ಟು ಮಾತ್ರ ಉಳಿಸಿ, ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದರ ಚಿತ್ರ ಅಚ್ಚಾಯಿತು, ಯುರೋಪಿನ ಸರ್ಜನ್‌ಗಳು ಬೆರಗಾದರು. ಹಣೆಯ ಇಂಥ ಫ್ಲ್ಯಾಪನ್ನು ಬದುಕಿಸುವುದು ಹುಬ್ಬಿನ ಒಳತುದಿಯಿಂದ ಮೇಲೇರುವ ಒಂದು ಸಣ್ಣ ಅಪಧಮನಿ. ಇಂದು ಫಿಲ್ಲರ್ ಹಾಕುವವರು ತೀರಾ ಹೆದರುವ ನಾಳಗಳಲ್ಲಿ ಅದೂ ಒಂದು. ಸೂಜಿಯ ತುದಿ ಅದರೊಳಗೆ ಸೇರಿ ಜೆಲ್ ಹಿಮ್ಮುಖವಾಗಿ ನುಗ್ಗಿದರೆ ಕಣ್ಣಿನ ಅಪಧಮನಿಗೆ ತಲುಪುತ್ತದೆ, ದೃಷ್ಟಿ ಹೋಗಬಹುದು. ಅಪರೂಪ, ಆದರೆ ನಡೆದಿದೆ. ರಕ್ತನಾಳಕ್ಕೆ ಅಕಸ್ಮಾತ್ ಫಿಲ್ಲರ್ ಹೋಗುವ ಬಗ್ಗೆ ಎಫ್‌ಡಿಎ 2015ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತು.

ಒಂದೇ ದಿನ ಫೇಸ್‌ಲಿಫ್ಟ್ ಮಾಡಿ, ಬಿಡಿಸಿದ ಆ ಚರ್ಮದಡಿಯೇ ಫಿಲ್ಲರ್ ತುಂಬಿದರೆ ಏನಾಗುತ್ತದೆ ನೋಡಿ. ಫ್ಲ್ಯಾಪಿಗೆ ಮೊದಲೇ ರಕ್ತ ಕಮ್ಮಿ. ಒಂದು ನಾಳ ಕಟ್ಟಿದರೂ ನೆರೆಯ ನಾಳ ನೆರವಿಗೆ ಬರುವ ಸಾಧ್ಯತೆ ಕುಗ್ಗಿರುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಫಿಲ್ಲರ್‌ನಿಂದ ನಾಳ ಕಟ್ಟಿದೆ ಎಂದು ತಿಳಿಯುವುದು ನೋವಿನಿಂದ, ಚರ್ಮ ಬಿಳಿಚುವುದರಿಂದ, ಆಮೇಲೆ ಬಲೆಯಂಥ ನೀಲಿ ಕಲೆ ಮೂಡುವುದರಿಂದ. ಫೇಸ್‌ಲಿಫ್ಟ್ ಆದ ಕೆನ್ನೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತದೆ. ನೀಲಿಗಟ್ಟುವುದೂ ಅಲ್ಲಿ ಮಾಮೂಲು. ಎಚ್ಚರಿಸಬೇಕಾದ ಲಕ್ಷಣಗಳೆಲ್ಲ ಆಪರೇಷನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತವೆ. ಮೊದಲ 24 ಗಂಟೆಯಲ್ಲಿ ಚರ್ಮದಡಿ ರಕ್ತ ಹೆಪ್ಪುಗಟ್ಟುವುದು ಫೇಸ್‌ಲಿಫ್ಟಿನ ಹೆಸರಾಂತ ತೊಂದರೆ, ಅದನ್ನು ಕೂಡಲೇ ತೆಗೆಯಬೇಕು. ಆಗ ಒಂದು ಕೆನ್ನೆ ಉಬ್ಬಿದ್ದು ರಕ್ತದಿಂದಲೋ ಜೆಲ್‌ನಿಂದಲೋ ಎಂದು ಯೋಚಿಸುತ್ತ ಕೂರುವ ಹಾಗಿರಬಾರದು. ಅಲ್ಲದೆ ಥಿಯೇಟರಿನಲ್ಲಿ ಮರಗಟ್ಟಿಸುವ ದ್ರಾವಣ ತುಂಬಿದ ಮುಖದಲ್ಲಿ ಎಲ್ಲಿ ಎಷ್ಟು ಗುಳಿಯಿದೆ ಎಂದು ಅಳೆಯುವುದೇ ಕಷ್ಟ, ಬಿಡಿಸಿದ ಜಾಗದಲ್ಲಿ ಜೆಲ್ ನೆಲೆ ನಿಲ್ಲದೆ ಜಾರಲೂಬಹುದು.

ಹಾಗಾದರೆ ಆಪರೇಷನ್ ದಿನವೇ ಏನನ್ನೂ ತುಂಬಬಾರದೇ? ತುಂಬುತ್ತಾರೆ, ಆದರೆ ಬಹಳಷ್ಟು ಸರ್ಜನ್‌ಗಳು ರೋಗಿಯದೇ ಹೊಟ್ಟೆ ಅಥವಾ ತೊಡೆಯ ಕೊಬ್ಬನ್ನು ಬಳಸುತ್ತಾರೆ. ಬಿಡಿಸದೇ ಉಳಿದ ಜಾಗಗಳಲ್ಲಿ ಮತ್ತು ಮೂಳೆಗೆ ಹತ್ತಿರದ ಆಳದಲ್ಲಿ, ಮೊಂಡು ತುದಿಯ ತೆಳು ಕೊಳವೆಯಿಂದ (ಕ್ಯಾನುಲಾ), ಚೂರುಚೂರೇ ಇಡುತ್ತಾರೆ. ಅದರಲ್ಲಿ ಒಂದಷ್ಟು ಬದುಕುತ್ತದೆ, ಉಳಿದದ್ದು ಕರಗುತ್ತದೆ. ಸ್ವಂತ ಕೊಬ್ಬು ಅಂದಮಾತ್ರಕ್ಕೆ ಪೂರ್ತಿ ನಿರಪಾಯ ಎಂದುಕೊಳ್ಳಬೇಡಿ: ಕೊಬ್ಬು ನಾಳಕ್ಕೆ ಹೋಗಿ ಕಣ್ಣು ಕಳೆದುಕೊಂಡವರೂ ಇದ್ದಾರೆ, ಅದನ್ನು ಕರಗಿಸುವ ಮದ್ದಿಲ್ಲ. ಜೆಲ್ ಫಿಲ್ಲರ್ ಬೇಕೆಂದರೆ ಊತ ಇಳಿದು ಚರ್ಮದ ರಕ್ತಸಂಚಾರ ಮತ್ತೆ ಕುದುರುವವರೆಗೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಕಾಯಿಸುತ್ತಾರೆ. ಎತ್ತಿದ ಮೇಲೆ ಮುಖದ ಆಕಾರವೇ ಬದಲಾಗುವುದರಿಂದ ಆಗ ಬೇಕಾಗುವ ಜೆಲ್ ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಇರುವುದೂ ಉಂಟು.

ಮೊದಲೇ ಫಿಲ್ಲರ್ ಹಾಕಿಸಿಕೊಂಡಿದ್ದು ಈಗ ಫೇಸ್‌ಲಿಫ್ಟಿಗೆ ಬರುವವರೇ ಹೆಚ್ಚು. ‘ಅದು ವರ್ಷದೊಳಗೆ ಕರಗಿಹೋಗಿರುತ್ತದೆ ಬಿಡಿ ಡಾಕ್ಟ್ರೇ’ ಎನ್ನುತ್ತಾರೆ. ಡಬ್ಬಿಯ ಮೇಲಿನ ಅವಧಿ ಮುಗಿದ ಎಷ್ಟೋ ಕಾಲದ ನಂತರವೂ ಎಂಆರ್‌ಐನಲ್ಲಿ ಜೆಲ್ ಕಾಣಿಸಿಕೊಂಡಿದೆ. ಅದರ ಮೇಲೆ ಎತ್ತಿ ಹೊಲಿದರೆ, ಜೆಲ್ ಕರಗಿದ ದಿನ ಸರ್ಜನ್‌ನ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕೆಲವರಿಗೆ ಆಪರೇಷನ್‌ಗೆ ಕೆಲವು ವಾರ ಮುಂಚೆ ಹಯಲುರಾನಿಡೇಸ್ ಕೊಟ್ಟು ಕರಗಿಸಿ, ನಿಜವಾದ ಮುಖ ಯಾವುದೆಂದು ನೋಡಿಕೊಂಡು ಮುಂದುವರಿಯುತ್ತಾರೆ. ಜೇನುಹುಳು ಕಚ್ಚಿದಾಗ ವಿಪರೀತ ಅಲರ್ಜಿಯಾದವರು ಇದನ್ನು ಮೊದಲೇ ಹೇಳಬೇಕು, ಆ ವಿಷದಲ್ಲೂ ಹಯಲುರಾನಿಡೇಸ್ ಇದೆ. ಕೊಲಾಜನ್ ಬೆಳೆಸುವ ಫಿಲ್ಲರ್ ಆಗಿದ್ದರೆ ಒಳಗಿನ ಪದರಗಳು ಒಂದಕ್ಕೊಂದು ಅಂಟಿ ಗಡುಸಾಗಿರಬಹುದು. ಮುಖದ ನರದ ಕವಲುಗಳು ಅಲ್ಲೇ ಹಾದುಹೋಗುವುದರಿಂದ ಸರ್ಜನ್‌ಗೆ ಇದು ಮುಂಚೆಯೇ ತಿಳಿದಿರಬೇಕು.

ಸಿಗರೇಟು, ಬೀಡಿ ಸೇದುವವರಲ್ಲಿ ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಯುತ್ತದೆ, ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸಾಯುವುದು ಅವರಲ್ಲೇ ಹೆಚ್ಚು. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ ಬಿಡಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನು ಕೇಳಬೇಕು.

ಫೇಸ್‌ಲಿಫ್ಟ್ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಎಂಬ ಉನ್ನತ ಪದವಿ ಅಥವಾ ಅದಕ್ಕೆ ಸಮನಾದ ತರಬೇತಿ ಪಡೆದವರೇ ಎಂದು ವಿಚಾರಿಸಿ. ಕರ್ನಾಟಕದಲ್ಲಾದರೆ ಕ್ಲಿನಿಕ್ಕು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿರಬೇಕು. ಫಿಲ್ಲರ್ ಹಾಕುವ ಕೋಣೆಯಲ್ಲಿ ಹಯಲುರಾನಿಡೇಸ್ ಈ ಹೊತ್ತಿಗೆ ಸಿದ್ಧವಿದೆಯೇ ಎಂದು ಕೇಳಲು ಸಂಕೋಚ ಬೇಡ. ‘ಬೇಕಾದರೆ ತರಿಸುತ್ತೇವೆ’ ಎಂಬ ಉತ್ತರ ಬಂದರೆ ಎದ್ದು ಬನ್ನಿ. ಹಾಕಿಸಿಕೊಂಡ ದಿನ ಡಬ್ಬಿಯ ಜೊತೆ ಬರುವ ಬ್ಯಾಚ್ ನಂಬರಿನ ಸ್ಟಿಕರ್ ಕೇಳಿ ಪಡೆದು, ಯಾವ ಜಾಗಕ್ಕೆ ಎಷ್ಟು ಮಿಲಿ ಹೋಯಿತು ಎಂಬುದನ್ನೂ ತಾರೀಖನ್ನೂ ಅದರ ಪಕ್ಕ ಬರೆಸಿಕೊಳ್ಳಿ. ಹತ್ತು ವರ್ಷದ ಮೇಲೆ ಫೇಸ್‌ಲಿಫ್ಟಿಗೆ ಹೋದರೂ ಸರ್ಜನ್ ಮೊದಲು ಕೇಳುವುದು ಅದನ್ನೇ.