‘ನರಕೋಶ ರಕ್ಷಣೆ’ ಅಂದ್ರ ಏನು? ಜೇಷ್ಠಮಧು ಬೇರಿನ ನೆವದಾಗ ಒಂದೀಟು ಮಾತು

ಧಾರವಾಡದಾಗ ಹಾಡೂ ಮಂದಿ ಮನಿಗೆ ಹೋದ್ರ ತಂಬೂರಿ ಬಾಜೂಕ ಒಂದು ಸಣ್ಣ ಡಬ್ಬಿ ಕಾಣತೈತಿ, ಅದರಾಗ ಲವಂಗ, ಕಲ್ಲಸಕ್ಕರಿ, ಜೇಷ್ಠಮಧುವಿನ ತುಂಡು. ದನಿ ಕುಂತಾಗ ಒಂದು ತುಂಡು ದವಡ್ಯಾಗ ಇಟಗೊಂಡು ರಸಾ ನುಂಗತಾರ. ನಮಗೆಲ್ಲಾ ಈ ಬೇರು ಗೊತ್ತಿರೂದು ಗಂಟಲಕ್ಕ, ಕೆಮ್ಮಿಗೆ. ಮೊನ್ನೆ ಹಾವೇರಿಯಿಂದ ನಮ್ಮ ಚಿಗವ್ವ ಫೋನ್ ಮಾಡಿ "ತಮ್ಮಾ, ಜೇಷ್ಠಮಧು ನರಕೋಶಾ ಕಾಯ್ತೈತಂತ, ಲಕ್ವಾ ಹೊಡ್ಯೂದಿಲ್ಲಂತ, ವಾಟ್ಸಾಪಿನ್ಯಾಗ ಬಂದೈತಿ, ದಿನಾ ಕುದಿಸಿ ಕುಡೀಲೇನು?" ಅಂತ ಕೇಳಿದ್ಳು. ಕಾಕಾಗ ಲಕ್ವಾ ಆಗಿ ಎರಡು ವರ್ಷ ಆತು, ಆಕಿಗೂ ಬಿಪಿ ಐತಿ, ಹಂಗಾಗಿ ಹೂಂ ಅಥವಾ ಬ್ಯಾಡ ಅಂತ ಒಂದ ಮಾತಿನ್ಯಾಗ ಮುಗಸಾಕ ಮನಸು ಬರಲಿಲ್ಲ.

ಮೊದಲು ‘ನರ’ ಅನ್ನೂ ಶಬ್ದಾ ನೋಡ್ರಿ, ನಮ್ಮ ಮಾತಿನ್ಯಾಗ ಅದಕ್ಕ ಕೆಲಸ ಭಾಳ. ಕುತಿಗಿ ಹೊಳ್ಳಸಾಕ ಬರಲಿಲ್ಲಂದ್ರ ನರಾ ಹಿಡದೈತಿ ಅಂತೀವಿ, ಅದು ಖರೇ ಅಂದ್ರ ಸ್ನಾಯು. ಕಾಲಾಗ ನೀಲಿ ನರಾ ಉಬ್ಯಾವ ಅಂತೀವಿ, ಅದು ರಕ್ತನಾಳ. ನರಕೋಶ ಅಂದ್ರ ಇವೆರಡೂ ಅಲ್ಲ, ಮಿದುಳು ಬೆನ್ನಹುರಿಯೊಳಗ ಸುದ್ದಿ ಸಾಗಸೂ ಜೀವಕೋಶ, ನ್ಯೂರಾನ್. ಚರ್ಮ ಸುಲದ್ರ ಹೊಸಾ ಚರ್ಮ ಬರತೈತಿ, ಮಿದುಳಿನ್ಯಾಗ ಸತ್ತ ನರಕೋಶದ ಜಾಗಾಕ್ಕ ಹೊಸಾದು ಬರೂದು ಇಲ್ಲ ಅಂದ್ರೂ ನಡೀತೈತಿ. ಅದಕ್ಕ ಇರೂ ಕೋಶಾ ಉಳಸ್ಕೊಳ್ಳೂದಕ್ಕ ಒಂದು ಬ್ಯಾರೇನ ಹೆಸರು ಬಂತು: ನ್ಯೂರೋಪ್ರೊಟೆಕ್ಷನ್, ನರಕೋಶ ರಕ್ಷಣೆ. ನರದೌರ್ಬಲ್ಯದ ಟಾನಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಸಾಯೂ ಹಾದಿ ಹಿಡದ ಕೋಶಾನ ಅರ್ಧದಾಗ ತಡದು ಉಳಸೂದು, ಅಷ್ಟ ಇದರ ಅರ್ಥ.

ಒಕ್ಕಲತನದ ಮನ್ಯಾಗ ಬೆಳದವರಿಗೆ ಹೇಳೂದು ಹಗರ. ಹಿತ್ತಲದಾಗ ನಾಕು ಬಣವಿ ಅದಾವ, ಒಂದಕ್ಕ ಬೆಂಕಿ ಬಿತ್ತು ಅಂದ್ರ ಆ ಬಣವಿ ಹೋತು, ಯಾರೂ ಅದನ್ನ ಉಳಸಾಕ ಹೋಗೂದಿಲ್ಲ, ಎಲ್ಲಾರೂ ಕೊಡಾ ಹಿಡಕೊಂಡು ಓಡೂದು ಬಾಜೂ ಬಣವಿಗೆ ನೀರು ಹೊಡ್ಯಾಕ. ಲಕ್ವಾದಾಗೂ ಹಂಗ. ಮಿದುಳಿನ ರಕ್ತನಾಳದಾಗ ಹೆಪ್ಪು ಸಿಗಬಿದ್ರ ನಟ್ಟನಡುವಿನ ಕೋಶಗಳು ಕೆಲವು ನಿಮಿಷದಾಗ ಸಾಯ್ತಾವ, ಯಾಕಂದ್ರ ಮಿದುಳು ಮೈತೂಕದ 2 ಪರ್ಸೆಂಟ್ ಇದ್ರೂ ಆಕ್ಸಿಜನ್ ಉಣ್ಣೂದು 20 ಪರ್ಸೆಂಟ್. ಸುತ್ತಲಿನ ಕೋಶಗಳು ಮಾತ್ರ ಕೆಲಸ ಬಿಟ್ಟು, ಜೀವಾ ಹಿಡಕೊಂಡು ತಾಸುಗಟ್ಟಲೆ ಕೂಡ್ರತಾವ. ಇದಕ್ಕ ಪೆನಂಬ್ರಾ ಅಂತಾರ, ಗ್ರಹಣದಾಗ ಅರೆನೆರಳು ಅಂತೀವಲ್ಲ, ಅದ ಶಬ್ದ. ಬಾಜೂ ಬಣವಿ ಅಂದ್ರ ಇದು.

ಇಲ್ಲಿಗೆ ಕಿಡಿ ಹಾರೂ ದಾರಿ ಒಂದೆರಡಲ್ಲ. ಗ್ಲುಟಮೇಟ್ ಅಂತ ಕೋಶದಿಂದ ಕೋಶಕ್ಕ ಸುದ್ದಿ ಒಯ್ಯೂ ರಾಸಾಯನಿಕ ಐತಿ, ಅದು ಒಮ್ಮೆಲೆ ಹರದು ಬಂದ್ರ ಬಾಜೂ ಕೋಶದೊಳಗ ಕ್ಯಾಲ್ಸಿಯಂ ನುಗ್ಗಿ ಅದೂ ಒಳಗಿಂದ ಕೆಡತೈತಿ. ಇನ್ನೊಂದು ಎಚ್‌ಎಂಜಿಬಿ1 ಅನ್ನೂ ಪ್ರೋಟೀನು. ಇದು ಎಂದೂ ಕೋಶಕೇಂದ್ರದಾಗ ಡಿಎನ್‌ಎ ಜೋಡಿ ಸುಮ್ಮ ಇರೂವಂಥಾದ್ದು, ಕೋಶ ಸತ್ತು ಒಡದಾಗ ಹೊರಗ ಬೀಳತೈತಿ, ಬಿದ್ದ ಕೂಡ್ಲೆ ಮಿದುಳಿನ ಕಾವಲು ಕೋಶಗಳು ‘ಏನೋ ಅನಾಹುತ ಆಗೈತಿ’ ಅಂತ ಎದ್ದು ಉರಿಯೂತ ಹಚ್ಚತಾವ, ಆ ಉರಿಯೂತದಾಗ ಇನ್ನಷ್ಟು ಕೋಶಾ ಹೋಗತಾವ. ಜೇಷ್ಠಮಧು ಕೈ ಹಾಕೂದು ಇಲ್ಲೆ. ಇದರ ಸಿಹಿಗೆ ಕಾರಣ ಗ್ಲೈಸಿರೈಜಿನ್, ಸಕ್ಕರಿಗಿಂತ ಸುಮಾರು 50 ಪಟ್ಟು ಸಿಹಿ. ಗ್ರೀಕ್ ಮಾತಿನ್ಯಾಗ ಇದರ ಅರ್ಥ ಸಿಹಿ ಬೇರು, ನಮ್ಮ ಯಷ್ಟಿಮಧು ಅಂದ್ರ ಜೇನಿನ ಕೋಲು, ಎರಡೂ ಕಡೆ ಮಂದಿ ನಾಲಿಗಿಗೆ ಹತ್ತಿದ್ದನ್ನ ಹೆಸರು ಮಾಡ್ಯಾರ. ಈ ಗ್ಲೈಸಿರೈಜಿನ್ ಎಚ್‌ಎಂಜಿಬಿ1ಗೆ ನೇರ ಅಂಟಗೊಂಡು ಅದರ ಕೂಗು ಅಡಗಸತೈತಿ ಅಂತ 2007ರಾಗ ಗೊತ್ತಾತು, ಮುಂದ ಲಕ್ವಾ ಬರಿಸಿದ ಇಲಿಗಳಿಗೆ ಕೊಟ್ಟಾಗ ಮಿದುಳಿನ ಹಾನಿ ಕಡಿಮಿ ಆತು.

ಬೇರಿನ್ಯಾಗ ಇದೊಂದ ಇಲ್ಲ. ಡೈಬೆಂಜಾಯ್ಲ್‌ಮೀಥೇನ್ ಅಂತ ಸ್ವಲ್ಪೇ ಸ್ವಲ್ಪ ಇರೂ ಇನ್ನೊಂದು ಅಂಶ ಐತಿ, 2017ರಾಗ ಬ್ರಿಟನ್ನಿನ ನರವಿಜ್ಞಾನಿ ಜೊವಾನ್ನಾ ಮಲೂಚಿ ಅವರ ತಂಡ ಅದನ್ನ ಮಿದುಳು ಸವದು ಹೋಗೂ ರೋಗದ ಇಲಿಗಳಿಗೆ ಕೊಟ್ಟು ನರಕೋಶ ಉಳದದ್ದು ತೋರಿಸಿತು. ಅದರ ದಾರಿ ಬ್ಯಾರೆ, ಕೋಶ ನಿಲ್ಲಿಸಿಬಿಟ್ಟಿದ್ದ ಪ್ರೋಟೀನ್ ತಯಾರಿ ಮತ್ತ ಶುರು ಮಾಡಸೂದು. (ಗುಲಗಂಜಿ ಎಲಿನೂ ಸಿಹಿ, ಅದಕ್ಕೂ ಇಂಡಿಯನ್ ಲಿಕೊರೈಸ್ ಅಂತ ಹೆಸರು ಐತಿ, ಆದ್ರ ಗಿಡಾ ಬ್ಯಾರೆ, ಬೀಜ ವಿಷ. ಎರಡನ್ನೂ ಕೂಡಿಸಬ್ಯಾಡ್ರಿ.)

ಈಗ ಇಲಿಯಿಂದ ಮನಷ್ಯಾಗ ಬರೂ ಮಾತು. ಲಕ್ವಾದಾಗ ನರಕೋಶ ಉಳಸಾಕಂತ ಪ್ರಯೋಗ ಆದ ಚಿಕಿತ್ಸೆ ಎಷ್ಟು ಅಂತ 2006ರಾಗ ಎಣಿಸಿದ್ರ 1,026 ಆದ್ವು, ಇಲಿಯೊಳಗ ಗೆದ್ದವು ಭಾಳ, ಆದ್ರ ಮಂದಿಗೆ ಬಂದಾಗ ಹೆಚ್ಚೂ ಕಡಿಮಿ ಎಲ್ಲಾ ಸೋತ್ವು. ಎನ್‌ಎಕ್ಸ್‌ವೈ-059 ಅನ್ನೂ ಔಷಧಿ ಮಂದಿ ಮ್ಯಾಲಿನ ಮೊದಲ ದೊಡ್ಡ ಪರೀಕ್ಷೆಯೊಳಗ ಆಸೆ ಹುಟ್ಟಿಸಿ ಎರಡನೇದರಾಗ ಬಿತ್ತು. ಇಲಿಗೆ ಲಕ್ವಾ ಬರಿಸಿದವರು ತಾವ ಗಡಿಯಾರ ನೋಡಿ ಔಷಧಿ ಕೊಡತಾರ, ಮನಷ್ಯಾ ದವಾಖಾನಿಗೆ ಯಾವಾಗ ಮುಟ್ಟತಾನೋ.

ಚಿಗವ್ವಗ ನಾ ಬ್ಯಾಡ ಅಂದದ್ದಕ್ಕ ಕಾರಣ ಮಾತ್ರ ಇದಲ್ಲ. ಇದ ಗ್ಲೈಸಿರೈಜಿನ್ ಹೊಟ್ಯಾಗ ಹೋಗಿ ಮೂತ್ರಪಿಂಡದ ಒಂದು ಕಿಣ್ವಾನ ತಡೀತೈತಿ, ಮೈಯಾಗ ಉಪ್ಪು ನೀರು ನಿಲ್ಲತೈತಿ, ಪೊಟ್ಯಾಸಿಯಂ ಸೋರಿ ಹೋಗತೈತಿ, ಬಿಪಿ ಏರತೈತಿ. ಲಕ್ವಾ ಬರಾಕ ದೊಡ್ಡ ಕಾರಣಾನ ಬಿಪಿ. ದಿನಕ್ಕ 100 ಮಿಲಿಗ್ರಾಂ ಗ್ಲೈಸಿರೈಜಿನ್ ದಾಟಬಾರದು ಅಂತ ಯುರೋಪಿನ ಆಹಾರ ಸಮಿತಿ ಹೇಳೈತಿ, ಬೇರು ಕುದಿಸಿ ಲೋಟಗಟ್ಟಲೆ ಕುಡದ್ರ ಎಷ್ಟು ಹೋತು ಅಂತ ಮನ್ಯಾಗ ಅಳ್ಯಾಕ ಬರೂದಿಲ್ಲ. ಬಿಪಿ ಇಲ್ಲದವರು ಗಂಟಲಕ್ಕಂತ ಎರಡು ದಿನ ಒಂದು ತುಂಡು ಬಾಯಾಗ ಇಟಗೊಂಡ್ರ ಅದು ಬ್ಯಾರೆ ಮಾತು. ಆಕಿಗೆ ಹೇಳೇನಿ, ಬಿಪಿ ಗುಳಿಗಿ ತಪ್ಪಸಬ್ಯಾಡ, ಬಾಯಿ ಸೊಟ್ಟ ಆತು, ಕೈ ಬಿತ್ತು, ಮಾತು ತೊದಲಿತು ಅಂದ್ರ ಆ ಕ್ಷಣಾನ ಗಾಡಿ ಹತ್ತು, ಹೆಪ್ಪು ಕರಗಸೂ ಇಂಜೆಕ್ಷನ್ನು ಕೊಡೂದು 4.5 ತಾಸಿನ ಒಳಗ, ಅದಕ್ಕಿಂತ ಮೊದಲ ಸ್ಕ್ಯಾನ್ ಬ್ಯಾರೆ ಆಗಬೇಕು. ಕಾಕಾನ ಬಾಯಿ ಸೊಟ್ಟ ಆಗಿದ್ದು ಬೆಳಿಗ್ಗೆ ಚಾ ಕುಡ್ಯೂ ಹೊತ್ತಿಗೆ, ನಾವು ಹುಬ್ಬಳ್ಳಿ ಮುಟ್ಟಿದ್ದು ದೀಪಾ ಹಚ್ಚೂ ಹೊತ್ತಿಗೆ.