ದೊಡ್ಡಾಸ್ಪತ್ರೆಯಲ್ಲಿ ಕೊನೆಯ ಮಾತು ಯಾರದ್ದು?

ಸಾವಿರ ಹಾಸಿಗೆಯ ಸರ್ಕಾರಿ ಬೋಧನಾ ಆಸ್ಪತ್ರೆಗೆ ಬೆಳಿಗ್ಗೆ ಒಬ್ಬ ರೋಗಿ ದಾಖಲಾದರೆ, ಸಂಜೆಯೊಳಗೆ ಅವನ ಹಾಸಿಗೆಯ ಬಳಿ ಎಷ್ಟೋ ಜನ ಬಂದು ಹೋಗಿರುತ್ತಾರೆ. ಹೌಸ್ ಸರ್ಜನ್ ಪರೀಕ್ಷೆಗೆ ರಕ್ತ ತೆಗೆದಿರುತ್ತಾರೆ, ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ ವೈದ್ಯರು) ಕೇಸ್ ಶೀಟ್ ಬರೆದಿರುತ್ತಾರೆ, ಪ್ರೊಫೆಸರ್ ವಿದ್ಯಾರ್ಥಿಗಳ ಗುಂಪಿನೊಂದಿಗೆ ರೌಂಡ್ಸ್ ಮುಗಿಸಿರುತ್ತಾರೆ, ನರ್ಸ್‌ಗಳ ಪಾಳಿ ಬದಲಾಗಿರುತ್ತದೆ. ಇವರೆಲ್ಲ ಒಬ್ಬರ ಕೈಕೆಳಗಿನವರು ಎಂದು ರೋಗಿಯ ಕಡೆಯವರು ಅಂದುಕೊಳ್ಳುತ್ತಾರೆ. ಹಾಗಿಲ್ಲ.

ವೈದ್ಯರು ವಿಭಾಗದ ಮುಖ್ಯಸ್ಥರಿಗೆ, ಅವರು ಡೀನ್‌ಗೆ, ಡೀನ್ ವಿಶ್ವವಿದ್ಯಾಲಯಕ್ಕೆ ಉತ್ತರ ಕೊಡಬೇಕು. ನರ್ಸ್‌ಗಳಿಗೆ ತಮ್ಮದೇ ಸೂಪರಿಂಟೆಂಡೆಂಟ್ ಇರುತ್ತಾರೆ. ಔಷಧಿ, ಊಟ, ಬಟ್ಟೆ, ಆಕ್ಸಿಜನ್, ಲೆಕ್ಕಪತ್ರ ಇವೆಲ್ಲ ಅಧೀಕ್ಷಕರ ಅಥವಾ ನಿರ್ದೇಶಕರ ಪಾಲು, ಅವರ ಮೇಲೆ ಸರ್ಕಾರ. ಹುದ್ದೆಗಳ ಹೆಸರು ದೇಶಕ್ಕೊಂದು ಬಗೆ, ಆದರೆ ಈ ಮೂರು ಸಾಲುಗಳು ಬಹುತೇಕ ಎಲ್ಲ ಕಡೆ ಇವೆ. ಮೂರೂ ಒಂದನ್ನೊಂದು ಮುಟ್ಟುವುದು ವಾರ್ಡಿನಲ್ಲಿ ಮಾತ್ರ. ಅಲ್ಲಿ ಏನಾದರೂ ಎಡವಟ್ಟಾದರೆ ಹೊಣೆ ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಇನ್ನೂರೈವತ್ತು ವರ್ಷಗಳಾಗುತ್ತ ಬಂದಿವೆ. ಆ ಉತ್ತರ ಬದಲಾದಾಗಲೆಲ್ಲ ಅದರ ಹಿಂದೆ ಹೆಚ್ಚಾಗಿ ಸಾವುಗಳಿದ್ದವು.

ಮೊದಮೊದಲು ಯೂರೋಪಿನ ಆಸ್ಪತ್ರೆ ವೈದ್ಯರ ಜಾಗವೇ ಆಗಿರಲಿಲ್ಲ. ದಿಕ್ಕಿಲ್ಲದ ಬಡವರಿಗೆ ಆಸರೆ ಕೊಡುವ ಧರ್ಮಸಂಸ್ಥೆ ಅದು. ಪ್ಯಾರಿಸ್ಸಿನ ಓಟೆಲ್-ದಿಯೆ ಆಸ್ಪತ್ರೆಯನ್ನು ನಡೆಸುತ್ತಿದ್ದವರು ಕ್ರೈಸ್ತ ಸನ್ಯಾಸಿನಿಯರು, ವೈದ್ಯರು ಬಂದು ನೋಡಿಕೊಂಡು ಹೋಗುವವರು. ಶಸ್ತ್ರವೈದ್ಯ ಜಾಕ್ ತೆನೊಂ 1788ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಲ್ಲಿ ಒಂದೇ ಹಾಸಿಗೆಯಲ್ಲಿ ನಾಲ್ಕು, ಆರು ಜನರನ್ನು ಮಲಗಿಸುತ್ತಿದ್ದ ವಿವರವಿದೆ. ಅದೇ ಹೊತ್ತಿಗೆ ಶಸ್ತ್ರವೈದ್ಯ ದೆಸೊ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತರಲು ಹೊರಟಾಗ ಸನ್ಯಾಸಿನಿಯರು ಪ್ರತಿಭಟಿಸಿದರು. ಅವರ ಕಣ್ಣಿಗೆ ರೋಗಿ ಸೇವೆಗೆ ಬಂದವನು, ಪಾಠಕ್ಕೆ ಬಂದವನಲ್ಲ. ಇದನ್ನು ಹಳೆಯ ಕಾಲದವರ ಹಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಎತ್ತಿದ ಆಕ್ಷೇಪ ಮುಂದೆ ಎಷ್ಟೋ ಸಲ ನಿಜವಾಯಿತು.

ಹಾಸಿಗೆಯ ಪಕ್ಕದಲ್ಲಿ ಪಾಠ ಹೇಳುವ ಪದ್ಧತಿ ಅಷ್ಟರಲ್ಲಾಗಲೇ ಬೇರೆಡೆ ಬೇರುಬಿಟ್ಟಿತ್ತು. ಹಾಲೆಂಡಿನ ಲೈಡನ್‌ನಲ್ಲಿ ಹರ್ಮನ್ ಬೂರ್‌ಹಾವೆ 18ನೇ ಶತಮಾನದ ಆರಂಭದಲ್ಲಿ ಕೇವಲ 12 ಹಾಸಿಗೆ ಇಟ್ಟುಕೊಂಡು ಯೂರೋಪಿನಾದ್ಯಂತದ ವಿದ್ಯಾರ್ಥಿಗಳನ್ನು ತರಬೇತುಗೊಳಿಸಿದ್ದರು. ಕ್ರಾಂತಿಯ ನಂತರ, 1794ರ ಕೊನೆಯಲ್ಲಿ, ಫ್ರಾನ್ಸ್ ಇದನ್ನೇ ಕಾನೂನಾಗಿಸಿತು: ವೈದ್ಯಶಿಕ್ಷಣ ಇನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಆಸ್ಪತ್ರೆಯಲ್ಲಿ ನಡೆಯಬೇಕು. ಅಲ್ಲಿಂದ ಒಂದು ಬಾಯಿಮಾತಿನ ಒಪ್ಪಂದ ಚಾಲ್ತಿಗೆ ಬಂತು. ಬಡವರಿಗೆ ಚಿಕಿತ್ಸೆ ಉಚಿತ, ಬದಲಿಗೆ ಅವರ ದೇಹ ಪಾಠಕ್ಕೆ ಒದಗಬೇಕು. ರೋಗಿಯನ್ನು ಯಾರೂ ಕೇಳಿರಲಿಲ್ಲ.

ಈ ಒಪ್ಪಂದ ಎಷ್ಟು ದುಬಾರಿ ಎಂಬುದು ಬಯಲಾದದ್ದು ವಿಯೆನ್ನಾದಲ್ಲಿ. ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲಿ ತೆರೆದ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಸುಮಾರು 2000 ಹಾಸಿಗೆಗಳಿದ್ದವು. ಅದರ ಹೆರಿಗೆ ವಿಭಾಗದಲ್ಲಿ ಎರಡು ಯೂನಿಟ್. 1840ರ ಆದೇಶದ ಪ್ರಕಾರ ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರಾಗಲು ಕಲಿಯುತ್ತಿದ್ದವರು. ಯಾವ ದಿನ ಯಾವ ಯೂನಿಟ್‌ಗೆ ದಾಖಲಾತಿ ಎಂಬುದಕ್ಕೆ ಸರದಿ ಇತ್ತು. 1841ರಿಂದ 1846ರವರೆಗೆ ಮೊದಲ ಯೂನಿಟ್‌ನಲ್ಲಿ ತಾಯಂದಿರ ಸಾವು ಸುಮಾರು ಶೇ 10, ಎರಡನೆಯದರಲ್ಲಿ ಶೇ 4ಕ್ಕೂ ಕಡಿಮೆ. ಊರಿಗೆಲ್ಲ ಇದು ಗೊತ್ತಿತ್ತು. ಮೊದಲ ಯೂನಿಟ್‌ಗೆ ಹಾಕಬೇಡಿ ಎಂದು ಹೆಂಗಸರು ಕಾಲು ಹಿಡಿಯುತ್ತಿದ್ದರು.

ಆ ಯೂನಿಟ್‌ನ ಸಹಾಯಕ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕಾರಣ ಹಿಡಿದರು. ವಿದ್ಯಾರ್ಥಿಗಳು ಬೆಳಿಗ್ಗೆ ಶವಪರೀಕ್ಷೆ ಮಾಡಿ, ಅದೇ ಕೈಯಲ್ಲಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರ ಕಲಿಕೆಯಲ್ಲಿ ಶವಪರೀಕ್ಷೆ ಇರಲಿಲ್ಲ. 1847ರ ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಅವರು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇ 18 ದಾಟಿದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು.

ಇದನ್ನು ಕೈ ತೊಳೆಯುವ ಕಥೆಯಾಗಿ ನಾವು ಶಾಲೆಯಲ್ಲೇ ಕೇಳಿದ್ದೇವೆ. ನಾನು ಇದನ್ನು ಆಡಳಿತದ ಕಥೆಯಾಗಿ ಓದಬೇಕು ಎನ್ನುತ್ತೇನೆ. ಸಾವಿನ ಲೆಕ್ಕ ಆಸ್ಪತ್ರೆಯ ದಾಖಲೆಯಲ್ಲೇ ವರ್ಷಗಟ್ಟಲೆ ಇತ್ತು. ವಿದ್ಯಾರ್ಥಿಗಳ ದಿನಚರಿ ಗೊತ್ತುಮಾಡುವವರು ಬೇರೆ, ದಾಖಲಾತಿಯ ಸರದಿ ಗೊತ್ತುಮಾಡುವವರು ಬೇರೆ, ಸಾವನ್ನು ಕಣ್ಣಾರೆ ನೋಡುತ್ತಿದ್ದವರು ಇನ್ನೂ ಬೇರೆ. ಕಾರಣ ತಿಳಿದಿದ್ದ ಸೆಮ್ಮೆಲ್‌ವೈಸ್ ಕೆಳಗಿನ ಹುದ್ದೆಯಲ್ಲಿದ್ದರು, ಅಧಿಕಾರವಿದ್ದ ಪ್ರೊಫೆಸರ್ ಕ್ಲೈನ್ ಅದನ್ನು ಒಪ್ಪಲಿಲ್ಲ. 1849ರಲ್ಲಿ ಸೆಮ್ಮೆಲ್‌ವೈಸ್ ಅವರ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ತಿಳಿದವನ ಕೈಯಲ್ಲಿ ಅಧಿಕಾರವಿಲ್ಲ, ಅಧಿಕಾರವಿದ್ದವನ ಮುಂದೆ ಲೆಕ್ಕವಿಲ್ಲ ಎಂಬ ಈ ಸ್ಥಿತಿ ಮತ್ತೆ ಮತ್ತೆ ಎದುರಾಗುತ್ತದೆ.

ನೈಟಿಂಗೇಲ್ ಎಂದರೆ ದೀಪ ಹಿಡಿದ ಹೆಂಗಸಿನ ಚಿತ್ರ ನಮ್ಮ ಕಣ್ಮುಂದೆ ಬರುತ್ತದೆ. ಆಸ್ಪತ್ರೆಯ ವ್ಯವಸ್ಥೆಗೆ ಅವರು ಕೊಟ್ಟದ್ದು ಬೇರೆಯೇ ಎರಡು. ನರ್ಸ್‌ಗಳನ್ನು ನರ್ಸಿಂಗ್ ಕಲಿತ ಹೆಂಗಸೇ ಆಳಬೇಕು ಎಂದು ಪಟ್ಟುಹಿಡಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದ ತರಬೇತಿ ಶಾಲೆ ಆ ಸಾಲನ್ನು ಗಟ್ಟಿಮಾಡಿತು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ರೋಗ, ಸಾವು, ಗುಣಮುಖರಾದವರ ಲೆಕ್ಕ ಇಡಬೇಕು ಎಂಬುದು ಎರಡನೆಯದು. ಆಸ್ಪತ್ರೆಯಿಂದ ರೋಗಿಗೆ ಹಾನಿಯಾಗಬಾರದು ಎಂಬುದೇ ಅದರ ಮೊದಲ ನಿಯಮ ಎಂದು ಬರೆದ ಅವರಿಗೆ, ಹಾನಿಯಾಗಿದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಲೆಕ್ಕವೊಂದೇ ಎಂಬುದು ಸ್ಪಷ್ಟವಿತ್ತು. ನರ್ಸ್‌ಗಳ ಸ್ವತಂತ್ರ ಸಾಲನ್ನು ಜಗತ್ತು ಬೇಗ ಒಪ್ಪಿಕೊಂಡಿತು. ಲೆಕ್ಕವನ್ನು ಒಪ್ಪಲು ಬಹಳ ಕಾಲ ಹಿಡಿಯಿತು.

ಈ ನಡುವೆ ವಿಭಾಗವೆಂದರೆ ಪ್ರೊಫೆಸರರ ಸಾಮ್ರಾಜ್ಯ ಎಂಬ ಜರ್ಮನ್ ಮಾದರಿ ಬೆಳೆಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆದಾಗ, ಅಲ್ಲಿನ ವೈದ್ಯ ಆಸ್ಲರ್ ಮತ್ತು ಶಸ್ತ್ರವೈದ್ಯ ಹಾಲ್‌ಸ್ಟೆಡ್ ಅದಕ್ಕೆ ಇನ್ನೊಂದು ಮೆಟ್ಟಿಲು ಸೇರಿಸಿದರು: ಆಸ್ಪತ್ರೆಯಲ್ಲೇ ವಾಸವಿದ್ದು, ಹಗಲು ರಾತ್ರಿ ದುಡಿಯುತ್ತ, ವರ್ಷದಿಂದ ವರ್ಷಕ್ಕೆ ಹೊಣೆ ಹೆಚ್ಚಿಸಿಕೊಳ್ಳುವ ರೆಸಿಡೆಂಟ್ ವೈದ್ಯರು. ಅದು ಖಾಸಗಿ ಸಂಸ್ಥೆ, ಆದರೆ ಪದ್ಧತಿ ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿತು. ಇಂದಿಗೂ ರಾತ್ರಿ ಎರಡು ಗಂಟೆಗೆ ದೊಡ್ಡಾಸ್ಪತ್ರೆಯನ್ನು ನಿಜವಾಗಿ ನಡೆಸುವವರು ಕಲಿಯುತ್ತಿರುವ ಈ ಕಿರಿಯರೇ.

ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಕೇಳಿದ್ದು ಸರಳ: ಆಪರೇಷನ್ ಆಗಿ ವರ್ಷವಾದ ಮೇಲೆ ರೋಗಿ ಹೇಗಿದ್ದಾನೆ ಎಂದು ಪ್ರತಿಯೊಬ್ಬ ವೈದ್ಯನೂ ಬರೆದಿಡಬೇಕು, ತಪ್ಪಾಗಿದ್ದರೆ ಯಾಕೆ ಎಂದೂ ಬರೆಯಬೇಕು. ಅವರ ದೊಡ್ಡ ಬೋಧನಾ ಆಸ್ಪತ್ರೆ ಇದಕ್ಕೆ ಸಿದ್ಧವಿರಲಿಲ್ಲ, 1914ರಲ್ಲಿ ಅವರು ರಾಜೀನಾಮೆ ಕೊಟ್ಟರು. ಅದೇ ಆಲೋಚನೆಯ ಬೆನ್ನುಹತ್ತಿದ ಅಮೆರಿಕದ ಶಸ್ತ್ರವೈದ್ಯರ ಸಂಘ 100 ಮತ್ತು ಅದಕ್ಕಿಂತ ಹೆಚ್ಚು ಹಾಸಿಗೆಗಳ 692 ಆಸ್ಪತ್ರೆಗಳನ್ನು ಪರಿಶೀಲಿಸಿತು. ಪ್ರತಿ ರೋಗಿಗೂ ಪೂರ್ತಿ ಕೇಸ್ ಶೀಟ್, ಚಿಕಿತ್ಸೆಯ ಬಗ್ಗೆ ವೈದ್ಯರ ನಿಯತ ಸಭೆ ಮುಂತಾದ ಕನಿಷ್ಠ ನಿಯಮಗಳನ್ನು ಪಾಲಿಸುತ್ತಿದ್ದವು ಬರೀ 89. ಹೆಸರಾಂತ ಆಸ್ಪತ್ರೆಗಳೂ ತೇರ್ಗಡೆಯಾಗಿರಲಿಲ್ಲ. ಪಟ್ಟಿ ಪತ್ರಿಕೆಗಳ ಕೈಸೇರದಂತೆ ಅದನ್ನು 1919ರಲ್ಲಿ ಹೋಟೆಲೊಂದರ ಒಲೆಯಲ್ಲಿ ಸುಟ್ಟುಹಾಕಲಾಯಿತು. ಇಂದು ಪ್ರತಿ ಹಾಸಿಗೆಯ ಬಳಿ ಇರುವ ಕೇಸ್ ಶೀಟ್‌ಗೆ ಇಂಥ ಹಿನ್ನೆಲೆಯಿದೆ.

ವಿಭಾಗಗಳ ನಡುವಿನ ಗೋಡೆ ಕುಸಿದ ಘಟನೆಯೊಂದನ್ನು ನೆನೆಯದೆ ಮುಂದೆ ಹೋಗಲಾರೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಉಸಿರಾಟವೇ ನಿಂತುಹೋದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಸಾಂಕ್ರಾಮಿಕ ರೋಗಗಳ ಬ್ಲೆಗ್‌ಡಮ್ ಆಸ್ಪತ್ರೆಯ ಮುಖ್ಯಸ್ಥ ಲಾಸೆನ್, ತಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರನ್ನು ಕರೆಸಿದರು. ಆಪರೇಷನ್ ಕೋಣೆಯ ವಿದ್ಯೆಯನ್ನು ಇಬ್ಸೆನ್ ವಾರ್ಡಿಗೆ ತಂದರು: ಗಂಟಲಲ್ಲಿ ತೂತು ಮಾಡಿ, ಕೊಳವೆ ಇಟ್ಟು, ಕೈಯಿಂದ ಚೀಲ ಒತ್ತಿ ಉಸಿರು ಕೊಡುವುದು. ಅಷ್ಟು ಯಂತ್ರಗಳಿರಲಿಲ್ಲ. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. 1953ರ ಕೊನೆಯಲ್ಲಿ ಇಬ್ಸೆನ್ ತೆರೆದ ಘಟಕದಿಂದ ಇಂದಿನ ತೀವ್ರ ನಿಗಾ ಘಟಕಗಳ ಪರಂಪರೆ ಆರಂಭವಾಯಿತು. ವಿಯೆನ್ನಾದಲ್ಲಿ ವಿದ್ಯಾರ್ಥಿಗಳ ಕೈ ಕೊಂದಿತ್ತು, ಇಲ್ಲಿ ಅವರ ಕೈಯೇ ಬದುಕಿಸಿತು. ಆಸ್ಪತ್ರೆಯಲ್ಲಿ ಕಲಿಯುವವರು ಇರಬೇಕೇ ಬೇಡವೇ ಎಂಬ ವಾದ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಅವರ ಕೆಲಸಕ್ಕೆ ಯಾರು ಹೊಣೆ ಎಂಬುದಷ್ಟೇ ಉಳಿಯುತ್ತದೆ.

ಯುದ್ಧಾನಂತರ ಸರ್ಕಾರಗಳು ಈ ಹೊಣೆಯನ್ನು ಕಾನೂನಿನಲ್ಲಿ ಬರೆಯತೊಡಗಿದವು. ಫ್ರಾನ್ಸಿನಲ್ಲಿ ಅಲ್ಲಿಯವರೆಗೆ ಹೆಸರಾಂತ ವೈದ್ಯರು ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದು ಮಧ್ಯಾಹ್ನ ಖಾಸಗಿ ರೋಗಿಗಳನ್ನು ನೋಡುತ್ತಿದ್ದರು. ಮಕ್ಕಳ ವೈದ್ಯ ರಾಬರ್ಟ್ ದೆಬ್ರೆ ರೂಪಿಸಿದ 1958ರ ಡಿಸೆಂಬರ್ 30ರ ಸುಗ್ರೀವಾಜ್ಞೆ ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವನ್ನು ಒಂದುಗೂಡಿಸಿ, ಪ್ರೊಫೆಸರನ್ನು ಪೂರ್ಣಾವಧಿ ವೈದ್ಯ, ಶಿಕ್ಷಕ, ಸಂಶೋಧಕನನ್ನಾಗಿ ಮಾಡಿತು. ಸಂಬಳ ಎರಡು ಕಡೆಯಿಂದ, ನೇಮಕಕ್ಕೆ ಎರಡು ಸಚಿವಾಲಯ. ಒಬ್ಬನೇ ವ್ಯಕ್ತಿಗೆ ಮೂರು ಕೆಲಸ ಕೊಟ್ಟರೆ ಒಂದು ಸೊರಗುತ್ತದೆ ಎಂಬ ದೂರು ಅಂದಿನಿಂದ ಇದೆ. ಸೊರಗುವುದು ಸಾಮಾನ್ಯವಾಗಿ ಬೋಧನೆ, ಏಕೆಂದರೆ ತುರ್ತು ರೋಗಿ ಕಾಯಲಾರ, ಸಂಶೋಧನೆಯಿಂದ ಬಡ್ತಿ ಸಿಗುತ್ತದೆ.

ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ 1974ರ ಪುನಾರಚನೆ ವೈದ್ಯ, ನರ್ಸ್, ಆಡಳಿತಗಾರ, ಖಜಾಂಚಿ ಎಲ್ಲರೂ ಕೂಡಿ ಒಮ್ಮತದಿಂದ ನಡೆಸುವ ತಂಡಗಳನ್ನು ತಂದಿತು. ಒಬ್ಬರು ಬೇಡವೆಂದರೂ ತೀರ್ಮಾನ ನಿಂತುಬಿಡುತ್ತಿತ್ತು. 1983ರಲ್ಲಿ ಇದನ್ನು ಪರಿಶೀಲಿಸಿದ ರಾಯ್ ಗ್ರಿಫಿತ್ಸ್, ನೈಟಿಂಗೇಲ್ ಇಂದು ದೀಪ ಹಿಡಿದು ಈ ಆಸ್ಪತ್ರೆಗಳ ಹಜಾರದಲ್ಲಿ ನಡೆದರೆ ಇಲ್ಲಿ ಹೊಣೆಗಾರರು ಯಾರು ಎಂದು ಹುಡುಕಬೇಕಾದೀತು ಎಂದು ಬರೆದರು. ಪರಿಹಾರವಾಗಿ ಪ್ರತಿ ಹಂತದಲ್ಲೂ ಒಬ್ಬ ಜನರಲ್ ಮ್ಯಾನೇಜರ್ ಬಂದರು. ಆದರೂ ಬ್ರಿಸ್ಟಲ್‌ನ ಬೋಧನಾ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಸಾವುಗಳನ್ನು ಯಾರೂ ತಡೆಯಲಿಲ್ಲ. 2001ರ ತನಿಖಾ ವರದಿಯ ಅಂದಾಜಿನಂತೆ, 1991ರಿಂದ 1995ರ ನಡುವೆ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಅಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿ ತೀರಿಕೊಂಡಿದ್ದರು. ಅಂಕಿಗಳನ್ನು ಗಮನಿಸಿ ಎಚ್ಚರಿಸಿದವರು ಒಬ್ಬ ಅರಿವಳಿಕೆ ತಜ್ಞ. ಆಸ್ಪತ್ರೆಗೆ ಮುಖ್ಯಾಧಿಕಾರಿ ಇದ್ದರು, ಅವರೂ ವೈದ್ಯರೇ. ಗುಣಮಟ್ಟ ನೋಡಿಕೊಳ್ಳುವುದು ಯಾರ ಕೆಲಸ ಎಂಬುದು ಮಾತ್ರ ಗೊತ್ತಾಗಿರಲಿಲ್ಲ. ಬಲವಾದ ಯಜಮಾನನನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಬ್ರಿಸ್ಟಲ್ ವರದಿಯನ್ನು ಓದಬೇಕು.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. 1983ರಲ್ಲಿ ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆ ಮೆಡಿಕೇರ್, ಕಾಯಿಲೆಯ ಗುಂಪಿಗೆ ಇಷ್ಟು ಎಂದು ಮೊದಲೇ ದರ ಗೊತ್ತುಮಾಡಿತು, ಬೇರೆ ಹಲವು ದೇಶಗಳೂ ಅದನ್ನು ಅನುಸರಿಸಿದವು. ಬೋಧನಾ ಆಸ್ಪತ್ರೆಯ ಖರ್ಚು ಹೆಚ್ಚು ಎಂದು ಮೆಡಿಕೇರ್ ಮೇಲೊಂದಿಷ್ಟು ಸೇರಿಸಿಕೊಟ್ಟಿತು. ಎಲ್ಲಿಯೂ ಗುಣವಾಗದವರು ಕೊನೆಗೆ ರೆಫರ್ ಆಗಿ ಬರುವುದು ಇಲ್ಲಿಗೇ ಆದ್ದರಿಂದ, ಸರಾಸರಿ ದರ ಎಂದಿಗೂ ಇಲ್ಲಿಗೆ ಸರಿಹೊಂದುವುದಿಲ್ಲ.

ದುಡಿಮೆಯ ಹೊತ್ತಿನ ವಿಷಯ ಇನ್ನೂ ಹತ್ತಿರದ್ದು. ನ್ಯೂಯಾರ್ಕ್ ರಾಜ್ಯ 1989ರಲ್ಲಿ ರೆಸಿಡೆಂಟ್‌ಗಳ ವಾರದ ಕೆಲಸವನ್ನು 80 ಗಂಟೆಗೆ ಮಿತಿಗೊಳಿಸಿತು, ಯೂರೋಪಿನ ನಿಯಮ ಸರಾಸರಿ 48 ಗಂಟೆ. ದಣಿದ ವೈದ್ಯರಿಂದ ರೋಗಿಗೆ ಅಪಾಯ, ಹಾಗಾಗಿ ಈ ಮಿತಿ ಬೇಕೇಬೇಕು. ಆದರೆ ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ದಾಟುವುದು ಹೆಚ್ಚುತ್ತದೆ, ಪ್ರತಿ ದಾಟುವಿಕೆಯಲ್ಲೂ ಏನೋ ಒಂದು ಮಾತು ಬಿಟ್ಟುಹೋಗುತ್ತದೆ. ಪಾಳಿ ಒಪ್ಪಿಸುವಾಗ ಏನೇನು ಹೇಳಬೇಕು, ಕೇಳಿಸಿಕೊಂಡವರು ಅದನ್ನು ಹೇಗೆ ತಿರುಗಿ ಹೇಳಬೇಕು ಎಂದು ಕ್ರಮ ಹಾಕಿಕೊಟ್ಟು 9 ಆಸ್ಪತ್ರೆಗಳಲ್ಲಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವು. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಆ ಹೊತ್ತಿನಲ್ಲಿ ಯಾರೂ ಅಡ್ಡಿಪಡಿಸದ ಅರ್ಧ ಗಂಟೆ ಮತ್ತು ಅದನ್ನು ಕಾಯುವ ಹಿರಿಯರು ಬೇಕು.

ಇಂದು ಎರಡು ಮಾದರಿಗಳಿವೆ. ಬರ್ಲಿನ್ನಿನ ಬೋಧನಾ ಆಸ್ಪತ್ರೆ ಶಾರಿಟೆಯಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಮತ್ತು ಆಸ್ಪತ್ರೆ ಒಂದೇ ಸಂಸ್ಥೆ, ಡೀನ್ ಅದರ ಆಡಳಿತ ಮಂಡಳಿಯಲ್ಲೇ ಕೂರುತ್ತಾರೆ. ಬೇರೆ ಕಡೆ ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯ ಬೇರೆ ಬೇರೆಯಾಗಿದ್ದು ಕರಾರಿನಿಂದ ಜೊತೆಗೂಡುತ್ತವೆ. ನನ್ನ ಒಲವು ಮೊದಲನೆಯದರ ಕಡೆಗೆ. ಹಾಸಿಗೆ, ಹುದ್ದೆ, ಬಜೆಟ್ ಎಂಬ ಜಗಳಗಳು ಅಲ್ಲಿ ಒಂದೇ ಮೇಜಿನ ಮೇಲೆ ಬರುತ್ತವೆ, ಕಡತಗಳು ಎರಡು ಇಲಾಖೆಗಳ ನಡುವೆ ಅಲೆಯುವುದಿಲ್ಲ. ಆದರೆ ಮೇಜು ಒಂದಾದ ಮಾತ್ರಕ್ಕೆ ವಾರ್ಡಿನ ಸುದ್ದಿ ಅಲ್ಲಿಗೆ ತಲುಪುತ್ತದೆ ಎಂದೇನಿಲ್ಲ. ಬಹಳಷ್ಟು ಬೋಧನಾ ಆಸ್ಪತ್ರೆಗಳಲ್ಲಿ ಸಾವುಗಳನ್ನು ಚರ್ಚಿಸುವ ಸಭೆ ಈಗಲೂ ಒಂದು ವಿಭಾಗದ ಒಳಗಿನ ಪಾಠದಂತೆ ನಡೆಯುತ್ತದೆ. ರಾತ್ರಿ ಪಾಳಿಯ ನರ್ಸ್ ಅಲ್ಲಿರುವುದಿಲ್ಲ, ರಕ್ತ ತಡವಾಗಿ ಕಳಿಸಿದ ರಕ್ತನಿಧಿಯವರು ಇರುವುದಿಲ್ಲ, ಖಾಲಿ ಹುದ್ದೆ ತುಂಬಬೇಕಾದ ಆಡಳಿತಾಧಿಕಾರಿಯೂ ಇರುವುದಿಲ್ಲ. ಇವರನ್ನು ಆ ಸಭೆಗೆ ಕರೆಯಲು ಹೊಸ ಕಾನೂನಾಗಲಿ ಸರ್ಕಾರದ ಆದೇಶವಾಗಲಿ ಬೇಕಿಲ್ಲ, ವಿಭಾಗದ ಮುಖ್ಯಸ್ಥರು ಮನಸ್ಸು ಮಾಡಿದರೆ ಮುಂದಿನ ತಿಂಗಳಿಂದಲೇ ಆಗುವ ಕೆಲಸ.